ಗಡ್ಡಿಗೆ ಒಯ್ಯುವ ಹಾಡು

ಲಂಡನ್ನಿನ ಬಿಬಿಸಿ ರೇಡಿಯೋದವರು 1942ರಿಂದ ಒಂದು ಕಾರ್ಯಕ್ರಮ ನಡೆಸುತ್ತ ಬಂದಿದ್ದಾರೆ. ಹೆಸರಾಂತ ನಟನನ್ನೋ ಲೇಖಕಿಯನ್ನೋ ಕರೆದು ಕೂಡಿಸುತ್ತಾರೆ. 'ನರಪಿಳ್ಳೆ ಇಲ್ಲದ ದ್ವೀಪದಲ್ಲಿ ನಿಮ್ಮನ್ನು ಬಿಟ್ಟರೆ ಯಾವ ಎಂಟು ಹಾಡಿನ ತಟ್ಟೆ ಒಯ್ಯುತ್ತೀರಿ?' ಎಂದು ಕೇಳುತ್ತಾರೆ. ಬಂದವರು ಒಂದೊಂದೇ ಹಾಡು ಹೇಳುತ್ತ ಅವ್ವನ ನೆನಪು, ಮುರಿದ ಪ್ರೇಮ, ಮೊದಲ ಪಾರ್ಟು ಎಲ್ಲವನ್ನೂ ಬಿಚ್ಚಿಡುತ್ತಾರೆ. ನಮ್ಮ ವಿವಿಧ ಭಾರತಿಯಲ್ಲೂ ಇಂಥದೊಂದಿತ್ತು, ವಿಶೇಷ ಜಯಮಾಲಾ. ಸಿನಿಮಾ ನಟನಟಿಯರು ಗಡಿ ಕಾಯುವ ಜವಾನರಿಗಾಗಿ ತಮಗೆ ಸೇರಿದ ಹಾಡು ಹಾಕಿಸಿ ನಾಲ್ಕು ಮಾತಾಡುತ್ತಿದ್ದರು. ನಿಜಾಮರ ಕಾಲದ ಉರ್ದು ಇನ್ನೂ ನಾಲಗೆಯಿಂದ ಇಳಿಯದಿದ್ದ ನಮ್ಮ ಸೀಮೆಯಲ್ಲಿ ಆ ಹಿಂದಿ ಯಾರಿಗೂ ಭಾರವಾಗಿರಲಿಲ್ಲ. ಜವಾನರಿಗೆ ಎಷ್ಟು ಮುಟ್ಟಿತೋ ಗೊತ್ತಿಲ್ಲ, ಶಹಾಪುರದ ಚಹಾದಂಗಡಿಗಳಿಗಂತೂ ಚೆನ್ನಾಗಿಯೇ ಮುಟ್ಟಿತು.

ದ್ವೀಪವೆಂಬುದು ನಮಗೇನು ಹೊಸದಲ್ಲ. ಸುರಪುರ ಸೀಮೆಯಲ್ಲಿ ಕೃಷ್ಣೆಯ ನಟ್ಟನಡುವೆ ನೀಲಕಂಠರಾಯನ ಗಡ್ಡಿ ಇದೆ. ನಾರಾಯಣಪುರದ ಬಸವಸಾಗರ ಜಲಾಶಯದ ಗೇಟು ತೆರೆದು ಹೊಳೆ ತುಂಬಿತೆಂದರೆ ಗಡ್ಡಿಯ ಜನಕ್ಕೆ ಇತ್ತ ಬರುವ ದಾರಿ ಕಟ್ಟಿಹೋಗುತ್ತಿತ್ತು. ಒಣಗಿದ ಕುಂಬಳಕಾಯಿ ಸೊಂಟಕ್ಕೆ ಕಟ್ಟಿಕೊಂಡು ಈಜಿ ದಂಡೆ ಸೇರಿದವರಿದ್ದಾರೆ. ಬಿಬಿಸಿಯವರಿಗೆ ಕಲ್ಪನೆಯ ಆಟವಾದದ್ದು ನಮ್ಮವರಿಗೆ ಶ್ರಾವಣದ ಸಂಕಟ. ಗಡ್ಡಿಗೆ ಹೋಗುವವರು ಒಯ್ಯುತ್ತಿದ್ದುದು ಜೋಳ, ಬೆಂಕಿಪೆಟ್ಟಿಗೆ, ಜ್ವರದ ಗುಳಿಗೆ. ಹಾಡಿನ ತಟ್ಟೆ ಒಯ್ದವರನ್ನು ನಾನು ಕೇಳಿಲ್ಲ.

ಆದರೂ ಒಂದು ಆಟ ಆಡಿ ನೋಡಬಹುದು. ನಮ್ಮ ದೊಡ್ಡ ನಟನಟಿಯರನ್ನು ಒಬ್ಬೊಬ್ಬರಾಗಿ ದೋಣಿ ಹತ್ತಿಸಿ ಗಡ್ಡಿಗೆ ಇಳಿಸುವುದು. 'ನಿಮ್ಮ ಬಾಳನ್ನು ತಿದ್ದಿದ ಹಾಡು ಯಾವುದು? ಅದೊಂದನ್ನು ಒಯ್ಯಿರಿ' ಎನ್ನುವುದು. ಎಂಟು ಬೇಡ, ಒಂದು ಸಾಕು. ನಮ್ಮ ದೋಣಿಗಳು ಸಣ್ಣವು.

ಮೊದಲು ಏಣಗಿ ಬಾಳಪ್ಪನವರು. 1914ರಲ್ಲಿ ಹುಟ್ಟಿ 2017ರ ಆಗಸ್ಟ್‌ನಲ್ಲಿ ತೀರಿಕೊಂಡ, ಶತಮಾನ ದಾಟಿ ಬದುಕಿದ ನಟ. ಸವದತ್ತಿ ಸೀಮೆಯ ಏಣಗಿಯಲ್ಲಿ ಹುಡುಗನಾಗಿದ್ದಾಗ ಬಯಲಾಟದಲ್ಲಿ ಕಾಲು ಹಾಕಿದವರು, ಕಂಪನಿ ಸೇರಿ ಸ್ತ್ರೀಪಾರ್ಟು ಮಾಡಿದರು, ಆಮೇಲೆ ತಾವೇ ಕಲಾವೈಭವ ನಾಟ್ಯಸಂಘ ಕಟ್ಟಿದರು. ಜಗಜ್ಯೋತಿ ಬಸವೇಶ್ವರ ನಾಟಕದಲ್ಲಿ ಅವರು ಬಸವಣ್ಣನಾಗಿ ನಿಂತು ವಚನಕ್ಕೆ ಸ್ವರ ಹಚ್ಚಿದರೆ ಮಂದಿ ಕುಳಿತಲ್ಲಿಯೇ ಕೈ ಮುಗಿಯುತ್ತಿದ್ದರಂತೆ. ಕೈ ಮುಗಿದದ್ದು ಬಸವಣ್ಣನಿಗೋ ಬಾಳಪ್ಪನಿಗೋ ಎಂದು ವಿಂಗಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅವರು ಗಡ್ಡಿಗೆ ಒಯ್ಯುವುದು ವಚನವನ್ನೇ. ದೇವರ ದಾಸಿಮಯ್ಯನ ಮುದನೂರು ಇದೇ ಸುರಪುರ ಸೀಮೆಯದು, ಕೆಂಭಾವಿ ಭೋಗಣ್ಣನ ಕೆಂಭಾವಿಯೂ ಇಲ್ಲಿಯದೇ. ಹಾಗಾಗಿ ಬಾಳಪ್ಪನವರನ್ನು ನಮ್ಮ ಹೊಳೆಯಲ್ಲಿ ಇಳಿಸಿದರೆ ಪರವೂರಿಗೆ ಕಳಿಸಿದಂತಾಗದು.

ಎರಡನೆಯ ದೋಣಿಯಲ್ಲಿ ಮಲ್ಲಿಕಾರ್ಜುನ ಮನಸೂರ. ಅವರನ್ನು ನಟರ ಸಾಲಿನಲ್ಲಿ ಕೂಡಿಸಿದ್ದಕ್ಕೆ ಸಂಗೀತದವರು ಹುಬ್ಬು ಗಂಟಿಕ್ಕಬಹುದು. ಆದರೆ ಆ ಹುಡುಗ ಮೊದಲು ಬಣ್ಣ ಹಚ್ಚಿಕೊಂಡವನೇ. ಅಣ್ಣ ಬಸವರಾಜರ ನಾಟಕದ ನಂಟಿನಿಂದ ಒಂಬತ್ತರ ಹರೆಯದಲ್ಲಿ ರಂಗ ಹತ್ತಿದ. ಅಲ್ಲಿ ಅವನ ದನಿ ಅಪ್ಪಯ್ಯಸ್ವಾಮಿಯವರ ಕಿವಿಗೆ ಬಿತ್ತು. ಮೊದಲ ಪಾಠ ಕರ್ನಾಟಕ ಪದ್ಧತಿಯದು, ಆಮೇಲೆ ಮಿರಜಿನ ನೀಲಕಂಠಬುವಾ, ಆಮೇಲೆ ಅಲ್ಲಾದಿಯಾ ಖಾನರ ಮಗ ಮಂಜಿಖಾನರು. ಅವರ ಆತ್ಮಕಥೆ 'ನನ್ನ ರಸಯಾತ್ರೆ' ಇದನ್ನೆಲ್ಲ ಹೇಳುತ್ತದೆ. ನಾಟಕ ಇರದಿದ್ದರೆ ಆ ದನಿ ಗುರುವಿನ ಕಿವಿಗೆ ಬೀಳುವ ದಾರಿ ಎಲ್ಲಿತ್ತು? ಬಸವರಾಜ ರಾಜಗುರು ಅವರದೂ ಹೆಚ್ಚುಕಡಿಮೆ ಇದೇ ಕಥೆ. ಯಲಿವಾಳದ ಹುಡುಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿದ, ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯನಾದ. ಆ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ತನ್ನ ಕುರುಡು ಮಕ್ಕಳಿಗೆ ಅನ್ನ ಹಾಕಲು ನಾಟಕ ಕಂಪನಿ ನಡೆಸಿತು. ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಹುಡುಗರು ಆಡಿದರು, ಟಿಕೆಟ್ಟಿನ ದುಡ್ಡಿನಿಂದ ಒಲೆ ಉರಿಯಿತು. ಅಲ್ಲಿ ಕಲಿತು ಹೊರಬಿದ್ದವರು ಇಂದಿಗೂ ನಮ್ಮ ಕಡೆಯ ಹಳ್ಳಿಗಳಲ್ಲಿ ಪೇಟಿ ಮಾಸ್ತರರಾಗಿ, ತಬಲಾ ಮಾಸ್ತರರಾಗಿ ಸಿಗುತ್ತಾರೆ.

ಮೂರನೆಯದು ಅಮೀರ್‌ಬಾಯಿ ಕರ್ನಾಟಕಿಯವರಿಗೆ. ನಮ್ಮ ಕೃಷ್ಣೆಯ ಮೇಲ್ದಿಕ್ಕಿನ ಬೀಳಗಿಯಲ್ಲಿ ಹುಟ್ಟಿದ ಹೆಣ್ಣುಮಗಳು. ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತರು, ತಂಗಿ ಮುಂಬಯಿಯ ಸಿನಿಮಾದಲ್ಲಿ ನಟಿಸಿ ಹಾಡಿದರು. 1943ರ 'ಕಿಸ್ಮತ್' ಕಲಕತ್ತೆಯ ಒಂದೇ ಥೇಟರಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತಲ್ಲ, ಆ ಸಿನಿಮಾದ ಹಾಡುಗಳಲ್ಲಿ ಅಮೀರ್‌ಬಾಯಿಯ ದನಿಯದೇ ದೊಡ್ಡ ಪಾಲು. ಯಾದಗಿರಿ ಮುಂಬಯಿ–ಮದರಾಸು ರೈಲುದಾರಿಯ ಮೇಲಿನ ಊರು. ಶಹಾಪುರ, ಸುರಪುರದವರಿಗೆ ರೈಲು ಎಂದರೆ ಯಾದಗಿರಿಯೇ. ನಾಟಕದ ಪರದೆ, ಸೀನರಿ, ಗ್ರಾಮಫೋನಿನ ತಟ್ಟೆ, ಮುಂಬಯಿಗೆ ದುಡಿಯಲು ಹೋದವರು ಕಲಿತು ಬಂದ ಹಾಡು, ಎಲ್ಲವೂ ಆ ನಿಲ್ದಾಣದಲ್ಲಿ ಇಳಿಯಬೇಕಿತ್ತು. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬಾಳನ್ನು ಹುಡುಕಿ ಪುಸ್ತಕ ಬರೆಯುವತನಕ ನಮ್ಮಲ್ಲಿ ಎಷ್ಟೋ ಮಂದಿಗೆ ಆ ಹಿಂದಿ ಹಾಡಿನ ಹಿಂದೆ ಕನ್ನಡದ ಗಂಟಲಿದೆ ಎಂಬುದೇ ಮರೆತಿತ್ತು. ಅವರು ಯಾವ ಹಾಡು ಒಯ್ಯುತ್ತಿದ್ದರೋ ನಾನು ಹೇಳಲಾರೆ. ಕನ್ನಡದ್ದೊಂದು, ಹಿಂದಿಯದೊಂದು, ಮರಾಠಿಯದೊಂದು ಎಂದು ಮೂರು ಕೇಳಿದರೂ ಅವರಿಗೆ ಮಾತ್ರ ಆಗಲಿ ಎಂದುಬಿಡುತ್ತೇನೆ.

ಇನ್ನು ಡಾ. ರಾಜ್‌ಕುಮಾರ್. ಸುರಪುರ ಬೇಡ ನಾಯಕರ ರಾಜಧಾನಿ, 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ವೆಂಕಟಪ್ಪನಾಯಕನ ಊರು. ಹಾಗಾಗಿ 1954ರಲ್ಲಿ ಬಂದ 'ಬೇಡರ ಕಣ್ಣಪ್ಪ' ನಮಗೆ ಬರೀ ಸಿನಿಮಾ ಅಲ್ಲ. ಆದರೆ ಆ ಸಿನಿಮಾದಲ್ಲಿ ಕಣ್ಣಪ್ಪನ ಬಾಯಿ ರಾಜ್‌ಕುಮಾರರದು, ಹಾಡಿದ ದನಿ ಸಿ.ಎಸ್. ಜಯರಾಮನ್ ಅವರದು. ಗುಬ್ಬಿ ಕಂಪನಿಯಲ್ಲಿ ತಂದೆ ಪುಟ್ಟಸ್ವಾಮಯ್ಯನವರ ಹಿಂದೆ ಬೆಳೆದ, ಹಾಡಿಯೇ ಪಾರ್ಟು ಮಾಡಬೇಕಿದ್ದ ಕಂಪನಿ ನಟ, ಸಿನಿಮಾಕ್ಕೆ ಬಂದ ಮೇಲೆ ಒಂದೆರಡು ಹಾಡು ಬಿಟ್ಟರೆ ಇಪ್ಪತ್ತು ವರ್ಷ ಬೇರೆಯವರ ಹಾಡಿಗೆ ತುಟಿ ಆಡಿಸಿದರು. ಪಿ.ಬಿ. ಶ್ರೀನಿವಾಸರ ದನಿ ಅವರಿಗೆ ಎಷ್ಟು ಹೊಂದಿತೆಂದರೆ ಕೊರತೆ ಯಾರಿಗೂ ಕಾಣಲಿಲ್ಲ. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಅದು ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ನಾಟಕ. ಊರೂರು ಜಾತ್ರೆಯಲ್ಲಿ ಟೆಂಟು ತುಂಬಿಸಿದ ಉತ್ತರ ಕರ್ನಾಟಕದ ಪಕ್ಕಾ ಕಂಪನಿ ನಾಟಕ. ಆ ಸಿನಿಮಾದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡಿಗೆ ಶ್ರೀನಿವಾಸರು ಸಿಗಲಿಲ್ಲ, ರಾಜ್‌ಕುಮಾರರೇ ಹಾಡಿದರು. ಅಲ್ಲಿಂದ ಮುಂದೆ ಅವರು ತಮ್ಮ ಹಾಡು ತಾವೇ ಹಾಡುವುದು ವಾಡಿಕೆಯಾಯಿತು. 1992ರ 'ಜೀವನ ಚೈತ್ರ'ದ ಹಾಡಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿಯವರ ಹಾಡಿಗೆ ಬಾಯಿ ಆಡಿಸಿದವರು, ಎಮ್ಮೆ ಹಾಡಿನಿಂದ ಗಂಟಲು ಮರಳಿ ಪಡೆದರು. ಗಡ್ಡಿಗೆ ಅವರೇನು ಒಯ್ಯಬೇಕೆಂದು ನನ್ನನ್ನು ಕೇಳಿದರೆ ಆ ಎಮ್ಮೆ ಹಾಡೇ. ಹೊಳೆದಂಡೆಯಲ್ಲಿ ಎಮ್ಮೆಗೂ ಬರವಿಲ್ಲ.

ಈ ನಾಲ್ವರ ಬಾಳಿನಲ್ಲೂ ಒಂದು ಮಾತು ಸಮನಾಗಿದೆ. ಬಿಬಿಸಿಯ ಅತಿಥಿ ತನಗೆ ಸೇರಿದ ಹಾಡನ್ನು ಆರಿಸುತ್ತಾನೆ. ನಮ್ಮಲ್ಲಿ ಆರಿಸುವ ಕೆಲಸ ಹಾಡಿನದೇ ಆಗಿತ್ತು. ಕಂಪನಿಯ ಬಾಗಿಲಿಗೆ ಬಂದ ಹುಡುಗನಿಗೆ ಮಾಲೀಕ ಕೇಳುತ್ತಿದ್ದ ಮೊದಲ ಮಾತು 'ಹಾಡಾಕ ಬರತದೇನು?' ಎಂಬುದು. ಬಂದರೆ ಅನ್ನ, ಬರದಿದ್ದರೆ ಪರದೆ ಎಳೆಯುವ ಕೆಲಸ. ಮೈಕು ಇಲ್ಲದ ಕಾಲ, ಕಾಲಪೇಟಿಯ ಮೇಲೆ ಹಾಯ್ದು ಕೊನೆಯ ಗ್ಯಾಲರಿ ಮುಟ್ಟುವ ದನಿ ಬೇಕು. ಸ್ವರ ಏರಿದಷ್ಟೂ ಸಂಬಳ ಏರಿತು. ಮುಖ ನೋಡಿ ನಾಯಕನನ್ನು ಮಾಡಿದ್ದು ಸಿನಿಮಾ ಬಂದ ಮೇಲಿನ ಮಾತು.

ಇದು ಹಳೆಯ ಕಥೆ ಎಂದುಕೊಂಡವರು ಚಳಿಗಾಲದಲ್ಲಿ ಶಹಾಪುರದ ಸುತ್ತಿನ ಯಾವುದಾದರೂ ಜಾತ್ರೆಗೆ ಬರಬೇಕು. ನಾನು ನೋಡಿದ ಒಂದು ಆಟದಲ್ಲಿ ದುರ್ಯೋಧನನಾದವನು ಹಗಲು ಹತ್ತಿ ಬಿಡಿಸಿ ಬಂದ ರೈತ. ಕಂದಗಲ್ಲ ಹನುಮಂತರಾಯರ ನಾಟಕ, ಎರಡು ತಿಂಗಳ ತಾಲೀಮು. ರಾತ್ರಿ ಹತ್ತಕ್ಕೆ ನಾಂದಿ ಎತ್ತಿದಾಗ 'ಕರಿ ಎರಡು ಹಿಡೀರಿ' ಎಂದು ಪೇಟಿ ಮಾಸ್ತರರಿಗೆ ಹುಕುಂ ಮಾಡಿದ. ಮೊದಲ ಹಾಡಿಗೇ ಒನ್ಸ್ ಮೋರ್ ಬಿತ್ತು. ಬೀಗರೊಬ್ಬರು ರಂಗ ಹತ್ತಿ ಎದೆಗೆ ನೋಟು ಚುಚ್ಚಿದರು. ಮೈಕಿನಲ್ಲಿ ಆಯೇರಿ ಕೂಗುವವನು ಹಾಡಿಗಿಂತ ಜೋರಾಗಿ ಹೆಸರು, ಮೊತ್ತ, ಊರು ಕೂಗಿದ. ದುರ್ಯೋಧನ ಗದೆ ಕಂಕುಳಲ್ಲಿ ಇಟ್ಟುಕೊಂಡು ಬೀಗರಿಗೆ ನಮಸ್ಕಾರ ಮಾಡಿ ಮತ್ತೆ ಪಾಂಡವರ ಮೇಲೆ ಸಿಟ್ಟಾದ. ನಡುರಾತ್ರಿಗೆ ಸ್ವರ ಒಂದು ಮನೆ ಕೆಳಗಿಳಿಯಿತು. ಬೆಳಗಿನ ಜಾವ ತೊಡೆ ಮುರಿಯುವ ಹೊತ್ತಿಗೆ ಮಾಸ್ತರರು ಯಾರಿಗೂ ತಿಳಿಯದಂತೆ ಇನ್ನೂ ಇಳಿಸಿದ್ದರು. ರಾಜನ ಮಾನ ಉಳಿಸಿದ್ದು ಅವರೇ.

ಬಣ್ಣ ಒರೆಸಿಕೊಳ್ಳುತ್ತ ಕುಳಿತವನನ್ನು ಕೇಳಿದೆ: 'ನಿಮಗ ಎಲ್ಲಕಿಂತ ಸೇರೋ ಹಾಡು ಯಾವುದು?' ಅವನು ರಾಜನ ಯಾವುದೋ ಏರುದನಿಯ ಹಾಡು ಹೇಳುತ್ತಾನೆಂದುಕೊಂಡಿದ್ದೆ. 'ನಾಂದಿರೀ' ಎಂದ. 'ಅವಾಗ ಪಡದೆ ಬಿದ್ದಿರತದ. ಯಾರೂ ನಮ್ಮನ್ನ ನೋಡಂಗಿಲ್ಲ. ಎಲ್ಲಾರೂ ಕೂಡಿ ಹಾಡತೀವಿ. ಗೌಡ್ರ ಮಗ, ಅಂಬಿಗರವ, ಕ್ಷೌರದವ, ಖಾಸಿಂಸಾಬ, ಎಲ್ಲಾರದೂ ಒಂದೇ ಸ್ವರ. ಪಡದೆ ಎತ್ತಿದ ಮ್ಯಾಲ ಅವರವರ ಪಾರ್ಟು.'

ಅವನ ಗಂಟಲಿಗೆ ಸಾಣೆ ಹಿಡಿದದ್ದು ನಾಟಕ ಒಂದೇ ಅಲ್ಲ. ಅಮಾವಾಸ್ಯೆಯ ರಾತ್ರಿ ಏಕತಾರಿ, ದಮಡಿಯ ಜೊತೆ ಕಡಕೋಳ ಮಡಿವಾಳಪ್ಪನ ತತ್ವಪದ ಹಾಡುವುದು, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ಕರ್ಬಲಾದ ಪದ ಹೇಳುವುದು, ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಜನೆಗೆ ಕೂಡುವುದು. ಈ ಸೀಮೆಯಲ್ಲಿ ಅದೇ ಮನುಷ್ಯ ಮೂರೂ ಕಡೆ ಹಾಡುತ್ತಾನೆ. ಸುರಪುರದ ಆನಂದದಾಸರ ಕೀರ್ತನೆ ಒಂದು ಓಣಿಯಲ್ಲಿ, ಕವ್ವಾಲಿ ಪಕ್ಕದ ಓಣಿಯಲ್ಲಿ. ಹಿಂದೂಸ್ತಾನಿ ಖಯಾಲಿನ ತಾನು ದೊಡ್ಡಾಟದ ಹಾಡಿನೊಳಗೆ ನುಸುಳಿದ್ದನ್ನು ಇಲ್ಲಿ ಯಾರೂ ತಪ್ಪು ಎನ್ನುವುದಿಲ್ಲ. 'ಚಲೋ ಬಂತಲ್ಲ' ಎನ್ನುತ್ತಾರೆ, ಅಷ್ಟೇ.

ಈಗ ಟಿವಿಯಲ್ಲಿ ತಾರೆಯರನ್ನು ಕೆಂಪು ಕುರ್ಚಿಯಲ್ಲಿ ಕೂಡಿಸಿ ಹಾಡಿನ ನೆನಪು ಕೇಳುತ್ತಾರೆ. ನೋಡಲು ಚೆಂದವೇ. ಆದರೆ ಆ ಕುರ್ಚಿಯ ತನಕ ಹೋಗದವರೇ ಬಹಳ. ಬಾಳಪ್ಪನವರು ತೀರಿಕೊಂಡರು. 'ರಕ್ತರಾತ್ರಿ'ಯ ದ್ರೌಪದಿಯಾಗಿ ಹಾಡಿ ಹೆಸರಾದ ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ 2020ರಲ್ಲಿ ಹೋದರು. ದೊಡ್ಡವರ ಹಾಡು ಒಂದಿಷ್ಟಾದರೂ ಮುದ್ರಣವಾಗಿ ಉಳಿದಿದೆ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯಂಥವರು ಹಳೆಯ ರಂಗಗೀತೆಗಳನ್ನು ಇಂದಿಗೂ ವೇದಿಕೆಯ ಮೇಲೆ ಹಾಡಿ ಉಳಿಸಿದ್ದಾರೆ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಐವತ್ತು ವರ್ಷ ಬಣ್ಣ ಹಚ್ಚಿದವರ ಹಾಡು ಎಲ್ಲಿದೆ? ಅವರ ಗಂಟಲಿನಲ್ಲಿದೆ, ಗಂಟಲಿಗೆ ಎಪ್ಪತ್ತು ದಾಟಿದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನಲ್ಲಿ ದ್ರೌಪದಿಯೋ ಶಕುನಿಯೋ ಕೃಷ್ಣನೋ ಆಗಿದ್ದ ಒಬ್ಬ ಮುದುಕ ಕಟ್ಟೆಯ ಮೇಲೆ ಕುಳಿತೇ ಇರುತ್ತಾನೆ. ಪಾರಿಜಾತದ ಸತ್ಯಭಾಮೆಯಾಗಿದ್ದವನೂ ಸಿಗಬಹುದು. ಚಹಾ ಕುಡಿಸಿ, ಮೊಟ್ಟಮೊದಲು ಕಲಿತ ಹಾಡನ್ನು ಹಾಡಿಸಿ, ಕೈಯಲ್ಲಿರುವ ಫೋನಿನಲ್ಲೇ ಮುದ್ರಿಸಿಕೊಳ್ಳಿ. ನಾಟಕದ ಹೆಸರು, ಕಲಿಸಿದ ಪೇಟಿ ಮಾಸ್ತರರ ಹೆಸರು, ಹಿಡಿದ ಸ್ವರ, ಊರು, ತಾರೀಖು ಬರೆದಿಡಿ. ಒಂದು ಪ್ರತಿ ಅವರ ಮೊಮ್ಮಕ್ಕಳಿಗೆ ಕೊಡಿ. ಮಂಜೂರಾತಿ ಬರಲಿ, ಅಕಾಡೆಮಿ ಬರಲಿ ಎಂದು ಕಾಯಬೇಡಿ. ಬರುವ ಸಂಕ್ರಾಂತಿಗೆ ಮೈಲಾಪುರದ ಜಾತ್ರೆ ಇದ್ದೇ ಇದೆ, ಹಾಡುವವರು ಅಲ್ಲಿಗೆ ಬಂದೇ ಬರುತ್ತಾರೆ. ಅಲ್ಲಿಂದಲೇ ಶುರು ಮಾಡಿ.