ಬಿಳಿ ಗಸಿ

ಎಂ.ಎಸ್ಸಿ. ಮುಗಿಸಿ ಅದಿರು ಪರೀಕ್ಷೆ ಮಾಡೋ ಒಂದು ಖಾಸಗಿ ಲ್ಯಾಬ್‌ಗೆ ಸೇರಿ ಮೂರು ತಿಂಗಳಾಗಿತ್ತು. ಹಾಸನ ಕಡೆಯಿಂದ ಕ್ರೋಮೈಟ್ ಅದಿರಿನ ಸ್ಯಾಂಪಲ್ ಬಂತು. ಕ್ರೋಮಿಯಂ ಆಕ್ಸೈಡ್ ಎಷ್ಟಿದೆಯೋ ಅದರ ಮೇಲೆ ರೇಟು. ನನ್ನ ರಿಪೋರ್ಟು ಕೊಳ್ಳುವವರ ಲ್ಯಾಬಿನದಕ್ಕಿಂತ ಹೆಚ್ಚುಕಮ್ಮಿ ಅರ್ಧ ಶೇಕಡಾ ಜಾಸ್ತಿ. ಅರ್ಧ ತಾನೇ ಅಂತೀರಾ? ಲಾರಿಗಟ್ಟಲೆ ಅದಿರಿಗೆ ಅರ್ಧ ಅಂದ್ರೆ ಜಗಳವೇ.

ಬೈಸಿಕೊಂಡಿದ್ದು ಮಾತ್ರ ಸ್ಯಾಂಪಲ್ ಪುಡಿ ಮಾಡೋ ಅಣ್ಣ. ಮಷೀನ್ ಸರಿಯಾಗಿ ಒರೆಸಿಲ್ಲ, ಬೇರೆ ಅದಿರು ಬೆರೆತಿದೆ ಅಂತ. ನಾನು ಸುಮ್ಮನಿದ್ದೆ. ಹಾಗೇ ಇರಬೇಕು ಅನ್ನಿಸಿತ್ತು. ಹಾಗನ್ನಿಸೋದು ಅನುಕೂಲವೂ ಆಗಿತ್ತು ಬಿಡಿ.

ಮಾರನೇ ದಿನ ಅದೇ ಪುಡಿಯನ್ನ ಮತ್ತೆ ಪರೀಕ್ಷೆಗೆ ತಗೊಂಡೆ. ಸೋಡಿಯಂ ಪೆರಾಕ್ಸೈಡ್ ಜೊತೆ ಕಾಯಿಸಿ ಕರಗಿಸಿ, ಆಸಿಡ್ ಹಾಕಿ, ಸಿಲ್ವರ್ ನೈಟ್ರೇಟ್, ಪರ್ಸಲ್ಫೇಟ್ ಸೇರಿಸಿ ಕುದಿಸಬೇಕು. ಕ್ರೋಮಿಯಂ ಡೈಕ್ರೋಮೇಟ್ ಆಗಿ ಕಿತ್ತಳೆ ಬಣ್ಣ ಬರುತ್ತೆ. ಅದಿರಿನಲ್ಲಿರೋ ಚೂರುಪಾರು ಮ್ಯಾಂಗನೀಸ್ ಪರ್ಮ್ಯಾಂಗನೇಟ್ ಆಗಿ ಗುಲಾಬಿಗೆಂಪಾಗುತ್ತೆ. ತಮಾಷೆ ಏನಂದ್ರೆ, ಆ ಕೆಂಪು ಕಂಡ್ರೇನೇ ಕ್ರೋಮಿಯಂ ಕೆಲಸ ಪೂರ್ತಿ ಆಯ್ತು ಅಂತ ಲೆಕ್ಕ. ಆಮೇಲೆ ಅದನ್ನೇ ಓಡಿಸಬೇಕು! ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಕೆಂಪು ಹೋಗೋ ತನಕ ಕುದಿಸಬೇಕು. ಇಲ್ಲಾಂದ್ರೆ ಟೈಟ್ರೇಷನ್‌ಗೆ ಹಾಕೋ ಫೆರಸ್ ದ್ರಾವಣವನ್ನ ಮ್ಯಾಂಗನೀಸೂ ತಿನ್ನುತ್ತೆ, ಲೆಕ್ಕ ಕ್ರೋಮಿಯಂ ಖಾತೆಗೆ ಹೋಗುತ್ತೆ. ಕ್ರೋಮಿಯಂ ಪರಮಾಣು 3 ಎಲೆಕ್ಟ್ರಾನ್ ತಗೊಂಡ್ರೆ ಮ್ಯಾಂಗನೀಸಿಂದು 5. ಶೇ. 0.2 ಮ್ಯಾಂಗನೀಸ್ ಸಾಕು, ಕ್ರೋಮಿಯಂ ಆಕ್ಸೈಡ್ ಲೆಕ್ಕ ಅರ್ಧ ಶೇಕಡಾದ ಹತ್ತಿರ ಏರೋಕೆ.

ಆಸಿಡ್ ಹಾಕಿದೆ. ಫ್ಲಾಸ್ಕಿನೊಳಗೆ ಒಡೆದ ಹಾಲಿನಂಥ ಬಿಳಿ ಗಸಿ, ಸಿಲ್ವರ್ ಕ್ಲೋರೈಡ್. ಕೈಕಾಲು ತಣ್ಣಗಾಯ್ತು. ಹಿಂದಿನ ಸಲ ಈ ಬಿಳಿ ನಾನು ನೋಡಿರಲೇ ಇಲ್ಲ. ಬಸ್ಸು ಹಿಡಿಯೋ ಆತುರದಲ್ಲಿ ಆಸಿಡ್ ಹಾಕೋದನ್ನೇ ಮರೆತಿದ್ದೆ. ಕಿತ್ತಳೆಯೊಳಗೆ ಆ ಕೆಂಪನ್ನ ಗಮನಿಸಿಯೂ ಇರಲಿಲ್ಲ.

ಈ ಸಲದ ಅಂಕಿ ಅವರ ಲ್ಯಾಬಿನದಕ್ಕೆ ಸರಿಹೋಯ್ತು. ಮ್ಯಾನೇಜರ್ ಹತ್ರ ಹೋಗಿ ತಪ್ಪು ನಂದು ಅಂತ ಹೇಳಿದೆ. ಬೈದರು, ರಿಪೋರ್ಟ್ ತಿದ್ದಿ ಕಳಿಸಿದರು. ಅದು ಅಷ್ಟಕ್ಕೇ ಮುಗೀತು.

ಪುಡಿ ಮಾಡೋ ರೂಮಿಗೆ ಹೋಗೋದು ಕಷ್ಟವಾಯ್ತು. ಅಣ್ಣ ಮಷೀನ್ ಆಫ್ ಮಾಡಿ, ಮಾಸ್ಕ್ ಇಳಿಸಿ ಕೇಳಿಸಿಕೊಂಡರು. "ನಿನ್ನೇನೇ ಹೇಳಿದ್ರೆ ಒಂದು ದಿನದ ಕೂಲಿ ಉಳೀತಿತ್ತು ಮೇಡಂ" ಅಂದರು. ಕೂಲಿ ಹಿಡಿದಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಪರ್ಸ್ ತೆಗೆದೆ. ಅವರು ಮಾಸ್ಕ್ ಏರಿಸಿ ಮಷೀನ್ ಆನ್ ಮಾಡಿದರು.