ಪರದೆಯ ಮೇಲಿನ ಒಗ್ಗರಣೆ

ರುಚಿಯಿಲ್ಲ, ಪರಿಮಳವಿಲ್ಲ, ಆದರೂ ದೂರದರ್ಶನದ ಅಡುಗೆಯನ್ನು ನಾವೇಕೆ ನೋಡುತ್ತೇವೆ? ವಕೀಲನಾದ ನನಗೆ ಮೊದಲು ತೋಚುವುದಿಷ್ಟು: ಅಲ್ಲಿ ವಾಯಿದೆಗಳಿಲ್ಲ, ಅರ್ಧ ಗಂಟೆಯಲ್ಲಿ ಎಲ್ಲವೂ ಇತ್ಯರ್ಥ. ಈರುಳ್ಳಿ ಹೆಚ್ಚಿಯೇ ಇರುತ್ತದೆ. ಪಾತ್ರೆ ತೊಳೆಯುವುದನ್ನು ಯಾರೂ ತೋರಿಸುವುದಿಲ್ಲ. 1993ರಲ್ಲಿ ಸಂಜೀವ್ ಕಪೂರರ ‘ಖಾನಾ ಖಜಾನಾ’ ಆರಂಭವಾದಂದಿನಿಂದ ಈ ಸುಖ ನಮ್ಮ ದೇಶಕ್ಕೆ ಪರಿಚಿತ.

ಕೊಂಬೈಯಲ್ಲಿ ಇನ್ನೊಂದು ಕಾರಣವುಂಟು. ಕಂಬಂ ಕಣಿವೆಯ ಕಾಪ್ಪಿಲಿಯರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ನಾಲಗೆಯ ಮೇಲಷ್ಟೇ ಉಳಿದಿದೆ, ಓದುಬರಹವೆಲ್ಲ ತಮಿಳು. ನಾನು ಲಿಪಿ ಕಲಿತದ್ದೇ ಬೆಂಗಳೂರಿನಲ್ಲಿ ಕಾನೂನು ಓದುವಾಗ. ವಾರ್ತೆಯ ಕನ್ನಡ ನನ್ನ ತಾಯಿಗೆ ಅರ್ಧ ತಿಳಿದರೆ ಹೆಚ್ಚು. ಅಡುಗೆಯ ಕನ್ನಡ ಹಾಗಲ್ಲ. ‘ಬೊಂಬಾಟ್ ಭೋಜನ’ದಲ್ಲಿ ಸಿಹಿಕಹಿ ಚಂದ್ರು ಹೆಸರು ಹೇಳಿದ ಪದಾರ್ಥ ಆಗಲೇ ಬಾಣಲೆಯಲ್ಲಿ ಕಾಣುತ್ತದೆ, ನಿಘಂಟು ಬೇಡ. ಎಣ್ಣೆ ಹೆಚ್ಚಾಯಿತೆಂದು ತಾಯಿ ಪರದೆಯೊಡನೆ ವಾದಿಸುತ್ತಾರೆ. ತೀರ್ಪೂ ಅವರದೇ.

ನನ್ನ ಮಗಳು ತಮಿಳಿನ ‘ಕುಕ್ ವಿತ್ ಕೋಮಾಳಿ’ಯನ್ನು ನೋಡುವುದು ನಗೆಗಾಗಿ. ಅಜ್ಜಿಯ ಪಕ್ಕದಲ್ಲಿ ಕುಳಿತಾಗ ಮಾತ್ರ ಅವಳ ಬಾಯಲ್ಲಿ ‘ಒಗ್ಗರಣೆ’ ಎಂಬ ಮಾತು ಬರುತ್ತದೆ. ಉಳಿದ ಹೊತ್ತು ಅದು ‘ತಾಳಿಪ್ಪು’. ಆದಕಾರಣ ಆ ಅರ್ಧ ಗಂಟೆ, ಪರೀಕ್ಷೆಯ ದಿನಗಳಲ್ಲಿಯೂ, ಟಿವಿಯನ್ನು ನಾನು ಆರಿಸಗೊಡುವುದಿಲ್ಲ.