ಅಡಿಕೆ ಹಾಳೆಯೂ ಹಿಮದ ಜಾರುಹಲಗೆಯೂ

ನಮ್ಮ ಮನೆಯಲ್ಲಿ ರಜೆಯೆಂದರೆ ಊರು. ಮೇ ತಿಂಗಳು ಬಂತೆಂದರೆ ಚೀಲ ಕಟ್ಟುವುದು, ಕುರ್ಲಾ ಟರ್ಮಿನಸ್ಸಿಗೆ ಓಡುವುದು, ಮತ್ಸ್ಯಗಂಧಾ ಹಿಡಿದು ಮರುದಿನ ನಸುಕಿನಲ್ಲಿ ಕುಂದಾಪುರದಲ್ಲಿ ಇಳಿಯುವುದು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆಯುವ ಮೊದಲು ಇದೇ ಪ್ರಯಾಣವನ್ನು ಬಸ್ಸಿನಲ್ಲಿ, ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಮಾಡಿದವರು ನಾವು. ತಂದೆಯವರು ಹದಿಮೂರರ ಪ್ರಾಯದಲ್ಲಿ ಫೋರ್ಟಿನ ಹೋಟೆಲೊಂದಕ್ಕೆ ಕಪ್ಪು ಬಸಿ ತೊಳೆಯಲು ಬಂದವರು. ಹಗಲು ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು ಗುಮಾಸ್ತರಾದವರು. ಸಿಕ್ಕ ರಜೆಯ ಒಂದು ದಿನವನ್ನೂ ಅವರು ಊರಿನ ಹೊರತು ಬೇರೆಲ್ಲಿಯೂ ಕಳೆದದ್ದು ನನಗೆ ನೆನಪಿಲ್ಲ. ಲೋನಾವಳ, ಮಾಥೇರಾನ್‌ಗಳ ಹೆಸರು ಕೇಳಿಯೇ ನಾನು ದೊಡ್ಡವನಾದೆ.

ಹೀಗಿರುವಾಗ ನನ್ನ ಮಕ್ಕಳಿಗೆ ಹಿಮದ ಹುಚ್ಚು ಹಿಡಿಯಿತು. ಹಿಂದಿ ಸಿನಿಮಾಗಳಲ್ಲಿ ಆಲ್ಪ್ಸ್ ಪರ್ವತವನ್ನು ನೋಡಿದ್ದು ಒಂದು ಕಾರಣ. ಕುರ್ಲಾದ ಮಾಲ್ ಒಂದರಲ್ಲಿರುವ ಕೃತಕ ಹಿಮದ ಕೋಣೆಗೆ ಗೆಳೆಯರ ಜತೆ ಹೋಗಿ ಬಂದದ್ದು ಇನ್ನೊಂದು. ನನಗೆ ಕುರ್ಲಾ ಎಂದರೆ ಊರಿನ ರೈಲು. ಅವರಿಗೆ ಕುರ್ಲಾ ಎಂದರೆ ಹಿಮ. ಒಂದೇ ಮನೆಯಲ್ಲಿ ಎರಡು ಕುರ್ಲಾಗಳಾದವು. "ಅಪ್ಪಾ, ನಿಜವಾದ ಸ್ನೋ ನೋಡಬೇಕು, ಸ್ಕೀಯಿಂಗ್ ಕಲಿಯಬೇಕು" ಎಂದು ಎಂಟನೆಯ ತರಗತಿಯ ಮಗಳು ಹಟ ಹಿಡಿದಳು. ಐದನೆಯ ತರಗತಿಯ ತಮ್ಮ ತಾಳ ಹಾಕಿದ.

ಆಲ್ಪ್ಸ್ ನಮ್ಮ ಜೇಬಿಗೆ ದೂರ. ಮನಾಲಿಯಿಂದ ಹದಿಮೂರು ಕಿಲೋಮೀಟರಿನಷ್ಟು ದೂರದಲ್ಲಿರುವ ಸೋಲಂಗ್ ಕಣಿವೆಯೇ ನಮ್ಮ ಆಲ್ಪ್ಸ್ ಎಂದು ತೀರ್ಮಾನವಾಯಿತು. ಆದರೆ ನನಗೆ ಸಿಗುವ ರಜೆ ಲೆಕ್ಕದ್ದು. ಫೆಬ್ರವರಿಯಲ್ಲಿ ಹಿಮಕ್ಕೆ ಹೋದರೆ ಮೇ ತಿಂಗಳ ಊರಿನ ಹದಿನೈದು ದಿನ ಐದು ದಿನಕ್ಕೆ ಇಳಿಯುತ್ತದೆ. ಊರಿನಲ್ಲಿ ಎಪ್ಪತ್ತೆಂಟರ ತಾಯಿ ಒಬ್ಬರೇ ದಾರಿ ಕಾಯುತ್ತಿರುತ್ತಾರೆ. ಫೋನಿನಲ್ಲಿ ಅಂಜುತ್ತಲೇ ವಿಷಯ ಹೇಳಿದೆ. ಆ ಕಡೆಯಿಂದ ಒಂದು ಗಳಿಗೆ ಮಾತಿಲ್ಲ. ಅನಂತರ, "ಹೋಯ್ ಬನ್ನಿ ಮಗಾ. ಮನಿ ಎಲ್ಲಿಗ್ ಹೋತ್ತ್, ಇಲ್ಲೇ ಇರತ್ತ್" ಎಂದರು. ಆ ಒಂದು ಗಳಿಗೆಯ ಮೌನ ನನ್ನ ಜತೆ ಮನಾಲಿಯವರೆಗೂ ಬಂತು.

2019ರ ಫೆಬ್ರವರಿ. ಶಿವಜಯಂತಿಯ ರಜೆಗೆ ನಾಲ್ಕು ದಿನ ಸೇರಿಸಿಕೊಂಡು ಮುಂಬಯಿ ಸೆಂಟ್ರಲ್‌ನಿಂದ ರಾಜಧಾನಿ ಹತ್ತಿದೆವು. ದಿಲ್ಲಿಯಿಂದ ಇಡೀ ರಾತ್ರಿಯ ಬಸ್ಸು. ಬೆಳಗಾಗುವಾಗ ಕಿಟಕಿಯಾಚೆ ಬಿಯಾಸ್ ನದಿ, ಅದರಾಚೆ ಬಿಳಿಯ ಬೆಟ್ಟಗಳು. ಸೋಲಂಗ್‌ಗೆ ಹೋಗುವ ದಾರಿಯುದ್ದಕ್ಕೂ ಉಣ್ಣೆಯ ಕೋಟು, ಗಂಬೂಟು ಬಾಡಿಗೆಗೆ ಕೊಡುವ ಅಂಗಡಿಗಳು, ಪ್ರತಿಯೊಂದಕ್ಕೂ ಒಂದು ನಂಬರು. ಯಾರೋ ತೊಟ್ಟು ಬಿಟ್ಟ ಕೆಂಪು ಕೋಟಿನೊಳಗೆ ಸೇರಿಕೊಂಡ ನನ್ನನ್ನು ನೋಡಿ ಶ್ರೀಮತಿ ನಕ್ಕದ್ದು ಆ ದಿನದ ಮೊದಲ ಮನರಂಜನೆ.

ಸೋಲಂಗ್ ದೊಡ್ಡ ತಾಣವೇನಲ್ಲ. ಸಮುದ್ರಮಟ್ಟದಿಂದ ಸುಮಾರು 2500 ಮೀಟರ್ ಎತ್ತರದಲ್ಲಿ, ದೇವದಾರು ಮರಗಳ ನಡುವೆ ಒಂದು ಇಳಿಜಾರು. ಬದಿಯಲ್ಲಿ ಮ್ಯಾಗಿ, ಚಹಾದ ಗೂಡಂಗಡಿಗಳು. 1961ರಲ್ಲಿ ಮನಾಲಿಯಲ್ಲಿ ಆರಂಭವಾದ, ಈಗ ಅಟಲ್ ಬಿಹಾರಿ ವಾಜಪೇಯಿ ಅವರ ಹೆಸರು ಹೊತ್ತ ಪರ್ವತಾರೋಹಣ ಸಂಸ್ಥೆ ಸ್ಕೀಯಿಂಗ್ ತರಬೇತಿ ಕೊಡುವುದೂ ಇಲ್ಲಿಯೇ. ಮಗು ಬಿದ್ದರೆ ತಾಯಿಗೆ ಕಾಣುವಷ್ಟು ಹತ್ತಿರ, ಅಪ್ಪ ಬಿದ್ದರೆ ಎಲ್ಲರಿಗೂ ಕಾಣುವಷ್ಟು ಬಯಲು.

ನಮ್ಮ ಗುರು ಪಕ್ಕದ ಹಳ್ಳಿಯ ಇಪ್ಪತ್ತೆರಡರ ಹುಡುಗ. ಜಾರುವುದನ್ನು ಆತ ಮೊದಲು ಕಲಿಸಲಿಲ್ಲ, ಬೀಳುವುದನ್ನು ಕಲಿಸಿದ. ಮುಂದಕ್ಕಾಗಲಿ ಹಿಂದಕ್ಕಾಗಲಿ ಬೀಳಬಾರದು, ಬದಿಗೆ ವಾಲಿ ಬೀಳಬೇಕು. ಏಳುವ ಮೊದಲು ಹಲಗೆಗಳನ್ನು ಇಳಿಜಾರಿಗೆ ಅಡ್ಡ ಇಡಬೇಕು, ಇಲ್ಲವಾದರೆ ಎದ್ದ ಕ್ಷಣವೇ ಮತ್ತೆ ಜಾರುತ್ತೇವೆ. ಆಮೇಲೆ ನಿಲ್ಲುವ ವಿದ್ಯೆ: ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿದರೆ ಹಲಗೆಯ ಒಳ ಅಂಚು ಹಿಮವನ್ನು ಕೊರೆದು ವೇಗ ಇಳಿಯುತ್ತದೆ. ಗುರು ಇದನ್ನು ಮಕ್ಕಳಿಗೆ "ಪಿಜ್ಜಾ" ಎಂದು ಹೇಳಿಕೊಟ್ಟ. ಇಂಗ್ಲಿಷಿನಲ್ಲಿ ಇದಕ್ಕೆ ಹಿಮದ ನೇಗಿಲು ಎಂಬ ಹೆಸರೇ ಇದೆ. ಗದ್ದೆಯ ಮನೆಯವನಾದ ನನಗೆ ನೇಗಿಲೇ ಹಿತವೆನಿಸಿತು. ಆದರೇನು, ಮೊದಲ ದಿನ ನಾನು ಬಿದ್ದದ್ದು ಹನ್ನೊಂದು ಸಲ. ಮಗ ಎಣಿಸುತ್ತಿದ್ದ.

ಮೂರನೆಯ ದಿನ ಸಂಜೆ ಊರಿನಿಂದ ಫೋನು ಬಂತು. ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಮಗಳು ಅಜ್ಜಿಯ ಹತ್ತಿರ ಆಡುತ್ತಿದ್ದದ್ದು ಮೂರೇ ವಾಕ್ಯ: "ಅಜ್ಜಿ ಹೇಗಿದ್ದೀರಿ? ಊಟ ಆಯಿತಾ? ಅಪ್ಪನಿಗೆ ಕೊಡುತ್ತೇನೆ." ಕನ್ನಡ ಅವಳಿಗೆ ಬಾರದೆಂದಲ್ಲ, ಊಟ, ದೇವರು, ಊರು ಇಷ್ಟರ ಮಟ್ಟಿಗೆ ಬರುತ್ತಿತ್ತು. ಶಾಲೆ, ಗೆಳತಿಯರು, ಸಿಟ್ಟು, ಸಂತೋಷ ಎಲ್ಲ ಇಂಗ್ಲಿಷ್ ಹಿಂದಿಗಳ ಪಾಲು. ಅದಕ್ಕೆ ನಾನೂ ಹೊಣೆ. ಮನೆಗೆ ಬರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ದಣಿದವನಿಗೆ ಅವಳು ಯಾವ ಭಾಷೆಯಲ್ಲಿ ಹೇಳಿದರೂ ಅರ್ಥವಾದರೆ ಸಾಕಿತ್ತು.

ಅಂದು ಅವಳು ಮೂರು ವಾಕ್ಯ ಮುಗಿಸಿ ಫೋನನ್ನು ನನ್ನತ್ತ ಚಾಚಿದಳು. "ಅಪ್ಪನ ಹತ್ರ ಕೊಡ್ಬೇಡ. ನೀನೇ ಹೇಳ್. ಹಿಮ ಅಂದ್ರೆ ಹ್ಯಾಂಗಿರತ್ತ್?" ಎಂದು ಅಜ್ಜಿ ಕೂಗಿದ್ದು ನನಗೂ ಕೇಳಿಸಿತು.

ಮಗಳು ತಡವರಿಸಿದಳು. "ಸ್ನೋ... ವೈಟ್... ಸಾಫ್ಟ್ ಇರತ್ತೆ ಅಜ್ಜಿ." ಅಜ್ಜಿಗೆ ಅರ್ಥವಾಗಲಿಲ್ಲ. ಬಾಯಿ ಹಾಕಲು ಹೊರಟ ನನ್ನನ್ನು ಶ್ರೀಮತಿ ಕಣ್ಣಿನಲ್ಲೇ ತಡೆದಳು. ಬಹಳ ಹೊತ್ತು ಯೋಚಿಸಿ ಮಗಳೆಂದಳು: "ಅಜ್ಜಿ, ತೆಂಗಿನಕಾಯಿ ತುರಿ ಇದೆಯಲ್ಲ? ಬೆಟ್ಟ ಪೂರಾ ತುರಿ ಹಾಕಿದ ಹಾಗೆ."

ಅಜ್ಜಿಗೆ ಹುರುಪು ಬಂತು. ಅಕ್ಕಿ ಹಿಟ್ಟಿನ ಹಾಗೆ ನುಣುಪೋ, ರವೆಯ ಹಾಗೆ ತರಿಯೋ ಎಂದು ಕೇಳಿದರು. ಬೆಳಿಗ್ಗೆ ಉಪ್ಪಿನ ಹರಳಿನ ಹಾಗೆ ಗಟ್ಟಿ, ಬಿಸಿಲೇರಿದ ಮೇಲೆ ನೆನೆದ ಹಿಟ್ಟಿನ ಹಾಗೆ ಮೆತ್ತಗೆ ಎಂದಳು ಮಗಳು. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಹಿಮ ಮಧ್ಯಾಹ್ನಕ್ಕೆ ಸಡಿಲವಾಗುವುದನ್ನು ನಾನೂ ಕಂಡಿದ್ದೆ. ಹೇಳಲು ಮಾತು ಹೊಳೆದಿರಲಿಲ್ಲ. ಜಾರುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಅವಳು ಸೋತಳು. ಆಗ ಅಜ್ಜಿಯೇ, "ಅಡ್ಕಿ ಹಾಳಿ ಮೇಲ್ ಕೂತ್ಕಂಡ್ ಜಾರ್ದಾಂಗಾ?" ಎಂದರು. "ಹೌದಜ್ಜಿ! ಆದರೆ ನಿಂತುಕೊಂಡು, ಎರಡು ಕಾಲಿಗೂ ಒಂದೊಂದು ಹಾಳೆ ಕಟ್ಟಿಕೊಂಡು!" ಎಂದು ಮಗಳು ಕಿರುಚಿದಳು. ಹೋಟೆಲಿನ ಹುಡುಗ ಬಾಗಿಲಿನಿಂದ ಇಣುಕಿ ನೋಡಿದ. ಇಪ್ಪತ್ತು ನಿಮಿಷ ಮಾತಾಯಿತು. ನನಗೆ ಫೋನು ಸಿಗಲೇ ಇಲ್ಲ.

ಮೇ ತಿಂಗಳಲ್ಲಿ ಐದು ದಿನಕ್ಕೆಂದು ಊರಿಗೆ ಹೋದೆವು. ಅಂಗಳಕ್ಕೆ ಕಾಲಿಡುವಾಗಲೇ ಪಕ್ಕದ ಮನೆಯವರು ಮಗಳನ್ನು ಕರೆದು, "ಕಾಲಿಗೆ ಹಾಳೆ ಕಟ್ಟಿಕೊಂಡು ತೆಂಗಿನ ತುರಿಯ ಬೆಟ್ಟದಿಂದ ಜಾರಿದವಳು ನೀನೆಯೋ?" ಎಂದು ಕೇಳಿದರು. ಅಜ್ಜಿ ಕಥೆಯನ್ನು ಮನೆಮನೆಗೆ ಮುಟ್ಟಿಸಿದ್ದರು. ನಾನು ಹನ್ನೊಂದು ಸಲ ಬಿದ್ದದ್ದು ಊರಿನಲ್ಲಿ ಇಪ್ಪತ್ತೊಂದಾಗಿತ್ತು. ಸಂಜೆ ಜಗಲಿಯಲ್ಲಿ ಅಜ್ಜಿ ಮತ್ತೆ ಅದೇ ಕಥೆ ಹೇಳಿದಾಗ ಮಗಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಅವಳದೇ ಮಾತುಗಳು ಅಜ್ಜಿಯ ಬಾಯಲ್ಲಿ ಹದಗೊಂಡು ಹಿಂದೆ ಬರುತ್ತಿದ್ದವು. ಫೋನಿನಲ್ಲಿ ಕೇಳಿದ ಆ ಒಂದು ಗಳಿಗೆಯ ಮೌನ ಅಂದು ನನ್ನ ಮನಸ್ಸಿನಿಂದ ಇಳಿಯಿತು.

2022ರ ಮಳೆಗಾಲದಲ್ಲಿ ತಾಯಿ ತೀರಿಕೊಂಡರು. ಮಗಳು ಈಗ ಕಾಲೇಜಿನಲ್ಲಿದ್ದಾಳೆ. 2024ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದ ಸುದ್ದಿ ಓದಿ, ಊರಿನಲ್ಲಿರುವ ನನ್ನ ಅಕ್ಕನಿಗೆ ಅವಳೇ ಫೋನು ಮಾಡಿದಳು. "ದೊಡ್ಡತ್ತೆ, ಅಜ್ಜಿ ಹೇಳುತ್ತಿದ್ದ ಹಾಳೆಯ ಆಟದಲ್ಲಿ ನಮ್ಮ ಕಡೆಯವರಿಗೇ ಚಿನ್ನ!" ಎಂದಳು.

ಯುವ ಮಿತ್ರರೇ, ನಾನೂ ನಿಮ್ಮಂತೆ ಈ ನಗರದಲ್ಲೇ ಬೆಳೆದವನು. ಕನ್ನಡ ಉಳಿಸಿ ಎಂದು ನಿಮಗೆ ಭಾಷಣ ಮಾಡುವ ಯೋಗ್ಯತೆ ನನಗಿಲ್ಲ. ಹಿಮವನ್ನೇ ಕಾಣದ ಊರಿನ ಮಾತಿನಲ್ಲಿ ಹಿಮವನ್ನು ಹೇಳಲು ಬರುತ್ತದೆ ಎಂಬುದನ್ನು ಮಾತ್ರ ನನ್ನ ಮಗಳಿಂದ ಕಲಿತೆ. ನೀವು ಸೋಲಂಗ್‌ಗೆ ಹೋಗಿ, ಸ್ವಿಟ್ಜರ್ಲೆಂಡಿಗೆ ಹೋಗಿ, ಇಲ್ಲವೇ ಕುರ್ಲಾದ ಮಾಲ್‌ಗೆ ಹೋಗಿ. ಬಂದ ಮೇಲೆ ಊರಿನಲ್ಲಿರುವ ಹಿರಿಯರಿಗೊಂದು ಫೋನು ಮಾಡಿ. ಮೂರು ವಾಕ್ಯ ಮುಗಿದ ಮೇಲೆ ಅಪ್ಪನಿಗೆ ಕೊಡಬೇಡಿ. ನಾಲ್ಕನೆಯದನ್ನು ನೀವೇ ಹೇಳಿ.